ಬಿಳಿಗಣ್ಣಿನ ಎಂಬತ್ತೇಳು

೨೦೧೯ರ ಮೇ ೧೧, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ತೈನಾನ್ ನಗರದ ಹಳೆಯ ಐದಂತಸ್ತಿನ ಕಟ್ಟಡವೊಂದರ ಅಡುಗೆಮನೆಯಲ್ಲಿ ಆರು ವರ್ಷದ ಯು-ಹಾನ್ ಗಾಜಿನ ನಳಿಕೆಯೊಂದರ ಹತ್ತಿ ಬಿರಡೆ ಕಿತ್ತಳು.

“ಅಪ್ಪಾ, ಇವತ್ತು ರಜಾ ಅಲ್ವಾ? ಇವಕ್ಕೂ ರಜಾ ಕೊಟ್ಟೆ.”

ಹಲ್ಲುಜ್ಜುತ್ತಿದ್ದ ಲಿಯಾವ್ ಬಾಯ್ತುಂಬ ನೊರೆಯೊಂದಿಗೇ ಓಡಿಬಂದ. ನಳಿಕೆಯಲ್ಲಿದ್ದದ್ದು ಎಂಬತ್ತೇಳು ಬಿಳಿಗಣ್ಣಿನ ಹಣ್ಣಿನ ನೊಣಗಳು. ಅವನ ಮೂರು ವರ್ಷದ ತಳಿ ಸಂಶೋಧನೆಯಲ್ಲಿ ಉಳಿದಿದ್ದ ಒಂದೇ ವಂಶ. ಹೆಂಡತಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ, ಮಗಳನ್ನು ನೋಡಿಕೊಳ್ಳುವವರಿಲ್ಲ. ನೊಣಗಳಲ್ಲಿ ಗಂಡು ಹೆಣ್ಣುಗಳನ್ನು ಮನೆಯಲ್ಲೇ ಬೇರ್ಪಡಿಸೋಣವೆಂದು ಜೇಬಿನಲ್ಲಿಟ್ಟು ತಂದಿದ್ದ. ಪ್ರಯೋಗಾಲಯದ ನೊಣ ಹೊರಗೆ ಹೋಗಕೂಡದೆಂಬ ನಿಯಮವಿತ್ತು. ಬರೆದವನು ಅವನೇ.

ನೊಣಗಳು ಕಿಟಕಿ ದಾಟಿ ಮೆಟ್ಟಿಲಿನತ್ತ ಹೊರಟವು. ಅಲ್ಲಿ ಪ್ರತಿ ಮನೆಯ ಬಾಗಿಲಲ್ಲೂ ನೊಣದ ಜಾಡಿ: ಹಣ್ಣಿನ ಚೂರು, ವಿನೆಗರ್, ಎರಡು ಹನಿ ಪಾತ್ರೆ ಸೋಪು. ಬಿದ್ದ ನೊಣ ಮತ್ತೆ ಏಳುವುದಿಲ್ಲ. ಕಳೆದ ವಾರ ವಾರ್ಡಿನ ಸಭೆಯಲ್ಲಿ ‘ವಿಜ್ಞಾನಿಯ ಸಾಮಾಜಿಕ ಹೊಣೆ’ ಎಂದು ಭಾಷಣ ಬಿಗಿದು ಈ ಪಾಕ ಹೇಳಿಕೊಟ್ಟವನೂ ಅವನೇ.

ಮಗಳನ್ನು ಎದುರುಮನೆಯ ಸು-ಚಿನ್ ಅಜ್ಜಿಯ ಬಳಿ ಬಿಟ್ಟು, ನೊಣ ಸೆಳೆಯಲು ಕೊಳೆತ ಬಾಳೆಹಣ್ಣು, ಕಣ್ಣಿನ ಬಣ್ಣ ನೋಡಲು ಭೂತಗನ್ನಡಿ ಹಿಡಿದು ಕಟ್ಟಡದ ಬಾಗಿಲುಗಳನ್ನೆಲ್ಲ ತಟ್ಟಿದ.

“ರಜಾ ದಿನವೂ ಸಮಾಜಸೇವೆ! ಡಾಕ್ಟ್ರು ಅಂದ್ರೆ ಹೀಗಿರ್ಬೇಕು ನೋಡಿ,” ಎನ್ನುತ್ತ ವಾರ್ಡಿನ ಮುಖ್ಯಸ್ಥ ತ್ಸೈ ಸೊಳ್ಳೆ ಬ್ಯಾಟು ಹಿಡಿದು ಬೆನ್ನು ಹತ್ತಿದ. ಕಂಡದ್ದಕ್ಕೆಲ್ಲ ಚಟ್!

ಸತ್ತ ನೊಣದ ಮೇಲೆ ಲಿಯಾವ್ ಕನ್ನಡಿ ಹಿಡಿದ. “ಕೆಂಪು ಕಣ್ಣು. ಸದ್ಯ, ನಮ್ಮವನಲ್ಲ.”

“ನಮ್ಮವನು ಅಂದ್ರೆ?”

“ಅಂದ್ರೆ… ನಮ್ಮ ಮಹಡಿಯವನಲ್ಲ.”

“ಅದೂ ಗೊತ್ತಾಗುತ್ತಾ? ಹಾಗಿದ್ರೆ ಮೂರನೇ ಮಹಡಿಯವರದ್ದೇ! ಇರಿ, ವಿಚಾರಿಸ್ತೀನಿ.”

ಹತ್ತು ನಿಮಿಷದಲ್ಲಿ ಮೂರನೇ ಮಹಡಿಯಲ್ಲಿ ನೊಣದ ಕಾಯಂ ವಿಳಾಸದ ಬಗ್ಗೆ ಜಗಳ ಹತ್ತಿತು. ಬಿಡಿಸುವಷ್ಟರಲ್ಲಿ ಮಧ್ಯಾಹ್ನ. ಉಳಿದ ಜಾಡಿಗಳಲ್ಲೆಲ್ಲ ಕೆಂಪು ಕಣ್ಣೇ. ನಾಲ್ಕಕ್ಕೆ ಅಜ್ಜಿಯ ಮನೆಗೆ ಬಂದರೆ ಬೀಗ.

ಸಂಜೆ ಎಲ್ಲರೂ ಕಸದ ಚೀಲ ಹಿಡಿದು ಗಾಡಿಗಾಗಿ ಬೀದಿಯಲ್ಲಿ ಕಾಯುತ್ತಿದ್ದರು. ಲಿಯಾವ್ ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ನಿಂತಿದ್ದ. ಅಷ್ಟರಲ್ಲಿ ಯು-ಹಾನಳ ಕೈ ಹಿಡಿದು ಅಜ್ಜಿ ಬಂದರು.

“ನಿಮ್ಮ ಜಾಡಿ ಭಾರಿ ಚೆನ್ನಾಗಿದೆ ಕಣಪ್ಪ. ಆದ್ರೆ ಸೋಪು, ವಿನೆಗರು ಹಾಕ್ಲಿಲ್ಲ. ಬುದ್ಧನ ವ್ರತ ಹಿಡಿದವಳು, ಜೀವ ತೆಗೀತೀನಾ? ಬರೀ ಅನಾನಸ್ ಇಟ್ಟೆ. ಒಂಬತ್ತಕ್ಕೆಲ್ಲ ಜಾಡಿ ತುಂಬ!”

“ಜೀವಂತ ಇವೆಯಾ?” ಲಿಯಾವ್ ಅವರ ಎರಡೂ ಕೈ ಹಿಡಿದುಕೊಂಡ. “ಎಲ್ಲಜ್ಜಿ? ಎಲ್ಲಿ?”

“ಪಾರ್ಕಿಗೆ ಒಯ್ದು ಬಿಟ್ವಲ್ಲ! ಅಷ್ಟೂ ಪುಣ್ಯ ನಿಮ್ಮ ಸಂಶೋಧನೆಗೆ ಸೇರ್ಲಿ ಅಂತ ಬೇಡ್ಕೊಂಡೆ.”

“ಒಂದೊಂದೇ ಹಾರಿಸಿದ್ದು ನಾನೇ ಅಪ್ಪಾ,” ಎಂದಳು ಯು-ಹಾನ್. “ಎಣಿಸಿದ್ದೂ ನಾನೇ. ಎಂಬತ್ತಾರು. ಎಲ್ಲಕ್ಕೂ ಬಿಳಿ ಕಣ್ಣು!”

ಎಂಬತ್ತಾರು. ಹಾಗಾದರೆ ಇನ್ನೊಂದು?

ದಿನವಿಡೀ ಬಾಳೆಹಣ್ಣಿನ ವಾಸನೆ ಹೊತ್ತಿದ್ದ ಅವನ ಕಾಲರಿನ ಮೇಲೆ ಏನೋ ಮೆಲ್ಲಗೆ ಹರಿದಂತಾಯಿತು. ಲಿಯಾವ್ ಉಸಿರು ಬಿಗಿಹಿಡಿದು ಜೇಬಿನ ನಳಿಕೆಗೆ ಕೈ ಹಾಕಿದ.

“ಅಲ್ಲಾಡ್ಬೇಡಿ ಡಾಕ್ಟ್ರೇ!” ಎಂದು ತ್ಸೈ ಕೂಗಿದ.

ಚಟ್!

ಕಸದ ಗಾಡಿಯ ಹಾಡು ಕೇಳಿಸಿತು, ಎಲ್ಲರೂ ಓಡಿದರು. ಲಿಯಾವ್ ಒಬ್ಬನೇ ನಿಂತು ಸತ್ತ ನೊಣದ ಮೇಲೆ ಭೂತಗನ್ನಡಿ ಹಿಡಿದ. ಹೆಣ್ಣು. ಕಣ್ಣು ಬಿಳಿ. ಉದ್ದ ಎರಡೂವರೆ ಮಿಲಿಮೀಟರ್.