ಒಂದು ದಿನದ ಮಟ್ಟಿಗೆ ಮಗನನ್ನು ಮಾರಿದ್ದು

ನಾನು ಸುಳ್ಳು ಹೇಳುವವನಲ್ಲ. ರೋಣದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಬಣ್ಣ ಬಿಡುವ ಸೀರೆಯನ್ನು ಬಣ್ಣ ಬಿಡುತ್ತದೆ ಎಂದು ಹೇಳಿಯೇ ಮಾರುತ್ತೇನೆ. ಇಂಥ ನಾನು ಗಜೇಂದ್ರಗಡದಲ್ಲಿ ಒಂದೇ ಒಂದು ಸುಳ್ಳು ಹೇಳಿದೆ. ಅದನ್ನೂ ಸರಿಯಾಗಿ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ನಮ್ಮೂರಿನಲ್ಲಿ ಈಗ ಓಡಾಡುತ್ತಿರುವ ಕಥೆಯಲ್ಲಿ ನಾನು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ದಡ್ಡನಾಗಿದ್ದೇನೆ. ಇದ್ದಷ್ಟೇ ಸಾಕು.

ನರಗುಂದದಲ್ಲಿ ಆಗ ಇನ್ನೂ ಅರಸರ ಆಳ್ವಿಕೆ ಇತ್ತು. ಸುಗ್ಗಿ ಮುಗಿದಿತ್ತು, ಮದುವೆಯ ಜವಳಿ ಶುರುವಾಗಿರಲಿಲ್ಲ. ಈ ನಡುವಿನ ಹದಿನೈದು ದಿನ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಒಂದು ಬೆಳಿಗ್ಗೆ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

"ಮದುವಿಯಾಗಿ ಮೂರು ವರ್ಷಾತು. ನಿಮ್ಮ ಮನಿ, ನಮ್ಮ ತವರುಮನಿ, ನಡುವಿನ ಹಾದಿ. ಇಷ್ಟ ನೋಡೀನಿ."

ಮಾತು ನಾಟಿತು. ಮೂರು ದಿನ ಗಜೇಂದ್ರಗಡಕ್ಕೆ ಹೋಗಿ ಸುಮ್ಮನೆ ಇದ್ದು, ಕಾಲಕಾಲೇಶ್ವರನ ಗುಡ್ಡ ಹತ್ತಿ, ಅಲ್ಲಿ ಬಂಡೆಯ ಒಳಗಿನಿಂದ ಬರುವ ನೀರು ನೋಡಿಕೊಂಡು ಬರೋಣ ಎಂದೆ. ಮದುವೆಯಿಲ್ಲ, ತಿಥಿಯಿಲ್ಲ, ಸುಮ್ಮನೆ ಹೋಗುತ್ತೇವೆ ಎಂದರೆ ನಮ್ಮ ಓಣಿಯವರು ನಂಬಲಿಲ್ಲ. ಇಬ್ಬರು ಬಂದು, ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿ ಹೋದರು.

"ಕೂಸಿಂದು ಹ್ಯಾಂಗ್ರಿ?" ಎಂದಳು ನೀಲವ್ವ. ಮಗ ಚನ್ನವೀರನಿಗೆ ಹದಿನಾಲ್ಕು ತಿಂಗಳು. ನೆಲದ ಮೇಲೆ ಬಿಟ್ಟರೆ ಎತ್ತಿಕೋ ಎನ್ನುತ್ತಾನೆ, ಎತ್ತಿಕೊಂಡರೆ ಬಿಡು ಎನ್ನುತ್ತಾನೆ. ಅವನನ್ನು ಹೊತ್ತುಕೊಂಡು ಗುಡ್ಡ ಹತ್ತುವುದು ಆಗದ ಮಾತು.

"ಅದನ್ನ ನನಗ ಬಿಡು," ಎಂದೆ. ದಿನಕ್ಕೆ ನಲವತ್ತು ಹೆಂಗಸರಿಗೆ ಬೇಡವಾದ ಸೀರೆಯನ್ನು ಬೇಕು ಎನ್ನಿಸುವವನು ನಾನು. ಒಬ್ಬಳಿಗೆ ಒಂದು ದಿನ ಒಂದು ಕೂಸನ್ನು ಒಪ್ಪಿಸುವುದು ಯಾವ ದೊಡ್ಡ ಕೆಲಸ?

ಗಜೇಂದ್ರಗಡದಲ್ಲಿ ನಮಗೆ ಸೀರೆ ಕಳಿಸುವ ವ್ಯಾಪಾರಿಯೊಬ್ಬರ ಮನೆ ಇದೆ, ನೇಕಾರರ ಓಣಿಯಲ್ಲಿ. ನಾವು ಚಕ್ಕಡಿ ಇಳಿದಾಗ ಅವರ ಮನೆಮಂದಿಯೆಲ್ಲ ಸವಡಿ ಎಂಬ ಊರಿಗೆ, ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ನಮಗಾಗಿ ಕೀಲಿಯನ್ನು ಎದುರು ಮನೆಯ ಬಸವ್ವನ ಹತ್ತಿರ ಇಟ್ಟಿದ್ದರು. ಮರುದಿನ ಬೆಳಿಗ್ಗೆ, ನೀಲವ್ವ ಬುತ್ತಿ ಕಟ್ಟುತ್ತಿದ್ದಾಗ, ನಾನು ಮುಂಡಾಸ ಸುತ್ತಿಕೊಂಡು ಆ ಬಸವ್ವನಿಂದಲೇ ಕೆಲಸ ಶುರು ಮಾಡಿದೆ.

ಬಸವ್ವ ಐವತ್ತರ ಹೆಂಗಸು, ಬಾಗಿಲಲ್ಲಿ ಕೂತು ನೂಲು ಸುತ್ತುತ್ತಿದ್ದಳು.

"ಒಲ್ಲೆರಿ," ಎಂದಳು, ನಾನು ಮಾತು ಮುಗಿಸುವ ಮೊದಲೇ. "ನಮ್ಮೂರ ಕೂಸಾದ್ರ ಬ್ಯಾರೆ. ನಿಮ್ಮ ಕೂಸು ನಾಳೆ ರೋಣಕ್ಕ ಹೋಗಿ ಕೆಮ್ಮಿದ್ರ, ಗಜೇಂದ್ರಗಡದ ಮುದುಕಿ ಕಣ್ಣು ತಗಲ್ತು ಅಂತೀರಿ."

"ನಾವು ಅಂಥಾ ಮಂದಿ ಅಲ್ಲ."

"ಅನ್ನೋರೆಲ್ಲಾ ಮೊದಲ ಹಿಂಗ ಹೇಳ್ತಾರ್ರಿ."

ಆಚೆ ಮನೆಯವಳು, ಮಗ್ಗದ ಕುಣಿಯಲ್ಲಿ ಕೂಸು ಬಿದ್ದರೆ ಯಾರು ಹೊಣೆ ಎಂದಳು. ಅದರಾಚೆಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಾಯಿಯನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಗುಡ್ಡಕ್ಕೆ ಹೋಗಲು ಏನಡ್ಡಿ ಎಂದು ಕೇಳಿದಳು. ಇವರ ಅಜ್ಞಾನಕ್ಕೆ ನಾನು ಮರುಗಿದೆ. ಆರು ಬಾಗಿಲು ಸುತ್ತಿ ಬಂದು ಬಸವ್ವನ ಮುಂದೆ ನಿಂತೆ.

"ಈ ಓಣಿಯೊಳಗ ಕೂಸು ಎತಗೊಳ್ಳೋರು ಯಾರೂ ಇಲ್ಲೇನು?"

"ಕಳಕವ್ವ ಅದಾಳ ನೋಡ್ರಿ, ಮೂಲೀ ಮನಿ. ಆದ್ರ ಆಕಿ ತಗೊಳ್ಳೂದು ಉಳೀಲಾರದ ಮಕ್ಕಳನ್ನ. ಐದು ತಗೊಂಡಾಳ, ಐದೂ ಬದುಕ್ಯಾವ. ನಿಮ್ಮ ಕೂಸಿಗೇನು ಧಾಡಿ?"

ಇಲ್ಲಿ ಆ ಪದ್ಧತಿಯನ್ನು ಹೇಳಬೇಕು. ನಮ್ಮ ಕಡೆ, ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಹೋಗಿಬಿಟ್ಟರೆ, ಮುಂದೆ ಹುಟ್ಟಿದ ಕೂಸನ್ನು ಹೆತ್ತವರು ತಮ್ಮದಲ್ಲ ಎಂದುಬಿಡುತ್ತಾರೆ. ಮೊರದಲ್ಲಿ ಮಲಗಿಸಿ ಬೇರೊಬ್ಬಳಿಗೆ ಮಾರುತ್ತಾರೆ. ಅವಳು ಒಂದು ಬೊಗಸೆ ತೌಡು ಕೊಟ್ಟು ಕೊಳ್ಳುತ್ತಾಳೆ. ಒಂದು ದಿನ ಕೂಸು ಅವಳದು. ದೀಪ ಹಚ್ಚುವ ಹೊತ್ತಿಗೆ ಅದೇ ತೌಡಿಗೆ ತಿರುಗಿ ಕೊಳ್ಳುತ್ತಾರೆ. ಮೃತ್ಯು ಹಳೆಯ ಮನೆಯನ್ನು ಹುಡುಕಿಕೊಂಡು ಬಂದರೆ, ಅಲ್ಲಿ ಆ ಮನೆಯ ಕೂಸು ಇರುವುದಿಲ್ಲ, ಕೊಂಡು ತಂದ ಕೂಸು ಇರುತ್ತದೆ.

ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ! ನಮ್ಮ ಗುಡ್ಡದ ಪ್ರಯಾಣಕ್ಕೆ ಅಳತೆ ಮಾಡಿ ಹೊಲಿಸಿದ ಹಾಗಿತ್ತು. ಮನುಷ್ಯನ ಬುದ್ಧಿ ಒಮ್ಮೊಮ್ಮೆ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ನನಗೆ ನನ್ನ ಮೇಲೆಯೇ ಗೌರವ ಬಂತು.

ಕಳಕವ್ವ ತೆಳ್ಳಗಿನ ಮುದುಕಿ. ನಾನು ಮುಂಡಾಸ ಸರಿಪಡಿಸಿಕೊಂಡು, ದನಿ ತಗ್ಗಿಸಿ, ಮೂರು ಮಕ್ಕಳು ಹೋದವು ಎಂದೆ. ಅವಳು ಕೈಯಲ್ಲಿದ್ದ ನೂಲಿನ ಲಡಿಯನ್ನು ಕೆಳಗಿಟ್ಟಳು.

"ಗಂಡೋ ಹೆಣ್ಣೋ, ತಮ್ಮಾ?"

ನಾನು ಕಚ್ಚಾ ಕೆಲಸ ಮಾಡುವವನಲ್ಲ. ಮೊದಲನೆಯದು ಗಂಡು, ಐದು ತಿಂಗಳಿದ್ದಾಗ ಕೆಮ್ಮಿನಿಂದ. ಎರಡನೆಯದು ಹೆಣ್ಣು, ಹನ್ನೊಂದು ದಿನ ಮಾತ್ರ. ಮೂರನೆಯದು ಮತ್ತೆ ಗಂಡು, ವಾಂತಿ ಭೇದಿ ಎಂದೆ. ಕಳಕವ್ವ ಕಣ್ಣು ಒರೆಸಿಕೊಂಡಳು. ನನ್ನ ಕಥೆ ಚೆನ್ನಾಗಿತ್ತೆಂದು ನನಗೆ ಸಂತೋಷವಾಯಿತು. ಬರೆಯುವಾಗ ಈ ವಾಕ್ಯದ ಹತ್ತಿರ ಬಹಳ ಹೊತ್ತು ನಿಂತೆ; ಆದರೆ ಸಂತೋಷವಾದದ್ದು ನಿಜ.

"ಕೂಸಿನ ತಾಯಿ ಬರೂದಿಲ್ಲೇನು?"

"ಆಕಿ ಕೈಲೆ ಆಗೂದಿಲ್ಲವ್ವ. ಎದಿ ಒಡೀತದ."

ನೀಲವ್ವನಿಗೆ ನಾನು ಹೇಳಿದ್ದು ಇಷ್ಟೇ: ಅನುಭವಸ್ಥ ಮುದುಕಿಯೊಬ್ಬಳು ಸಿಕ್ಕಿದ್ದಾಳೆ, ನೀನು ಬಂದರೆ ಕೂಸು ಅಳುತ್ತದೆ, ನಾನೇ ಬಿಟ್ಟು ಬರುತ್ತೇನೆ. ಮಗನನ್ನು ಮೊರದಲ್ಲಿ ಇಟ್ಟೆ. ನನ್ನ ಉಪರಣೆಯ ಸೆರಗಿಗೆ ಒಂದು ಬೊಗಸೆ ತೌಡು ಬಿತ್ತು. ಓಣಿ ದಾಟುವಾಗ ಅದನ್ನು ಯಾರದೋ ಎಮ್ಮೆಯ ಬಾನಿಗೆ ಸುರಿದೆ.

ಗುಡ್ಡದ ಮೇಲೆ ನೀಲವ್ವ ಬಂಡೆಯ ನೀರಿಗೆ ಕೈಯೊಡ್ಡಿ ನಿಂತಳು. ಅವಳು ಅಷ್ಟು ಹೊತ್ತು ಏನೂ ಕೆಲಸ ಮಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬುತ್ತಿ ಬಿಚ್ಚುವಾಗ ಮಾತ್ರ ಕೇಳಿದಳು:

"ಆ ಮುದುಕಿ ಎಷ್ಟು ಮಕ್ಕಳನ್ನ ನೋಡಿಕೊಂಡಾಳ್ರಿ?"

"ಐದು. ಐದೂ ಬದುಕ್ಯಾವ."

ಅವಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಬದುಕ್ಯಾವ ಅಂದ್ರ? ಹಿಂಗ್ಯಾಕ ಹೇಳ್ತೀರಿ?"

"ಮತ್ತ ಹ್ಯಾಂಗ ಹೇಳಬೇಕು?" ಎಂದು ನಾನು ಚಟ್ನಿ ಹೊಗಳಿದೆ. ಆಮೇಲೆ ಅವಳು ಗುಡ್ಡವನ್ನು ನೋಡಲಿಲ್ಲ. ಹೊತ್ತು ಇಳಿಯುವ ಮೊದಲೇ ನನ್ನನ್ನು ಇಳಿಸಿಕೊಂಡು ಬಂದಳು.

ಓಣಿಯ ಮೂಲೆಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು ನಿಂತಿದ್ದರು. ನೀಲವ್ವನನ್ನು ಕಂಡ ಕೂಡಲೇ ಬಸವ್ವ ಓಡಿ ಬಂದು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು.

"ಹ್ಯಾಂಗ ತಡಕೊಂಡೆವ್ವಾ ತಂಗಿ! ಹ್ಯಾಂಗ ತಡಕೊಂಡಿ!"

ನೀಲವ್ವ ಅವಳ ಭುಜ ಹಿಡಿದು ಅಲುಗಿಸಿದಳು. "ಏನಾತ್ರಿ? ನನ್ನ ಕೂಸಿಗೆ ಏನಾತು?"

"ಈ ಕೂಸಿಗೆ ಏನೂ ಆಗಿಲ್ಲವ್ವ, ಅಂಜಬ್ಯಾಡ. ಹೋದ ಮೂರರ ಮಾತು."

ಗುಂಪು ಸರಿಯಿತು. ಕಳಕವ್ವನ ಕಂಕುಳಲ್ಲಿ ಒಂದು ಕೂಸು. ಐದು ಮನೆಯಲ್ಲಿ ಬೇಡಿದ ಚಿಂದಿ ಹೊಲಿದ ಅಂಗಿ, ಮೈಗೆಲ್ಲ ಬೂದಿ, ಮೂಗಿಗೆ ಹೊಸದಾಗಿ ಚುಚ್ಚಿದ ಹಿತ್ತಾಳೆಯ ಉಂಗುರ. ಯಾವುದೋ ಬಡವರ ಕೂಸೆಂದು ನಾನು ಅದರ ಆಚೆಗೆ ನನ್ನ ಮಗನನ್ನು ಹುಡುಕಿದೆ. ಅದು ನೀಲವ್ವನನ್ನು ಕಂಡು ಕೈಚಾಚಿ ಅತ್ತಿತು. ಅವಳಿಗೆ ದನಿಯಿಂದ ಗೊತ್ತಾಯಿತು.

"ಚನ್ನಾ!"

"ಈಗ ತಿಪ್ಪಣ್ಣ," ಎಂದಳು ಕಳಕವ್ವ. "ತಿಪ್ಪಿ ಮ್ಯಾಲೆ ಉರುಳಿಸಿ ಹೆಸರಿಟ್ಟೀನಿ. ಇನ್ನ ಯಾರೂ ಮುಟ್ಟೂದಿಲ್ಲ. ನೀ ನೆಮ್ಮದಿಯಿಂದಿರು, ಮಗಳ. ಹೋದವರ ಹೆಸರೇನವ್ವ? ದೀಪಾ ಹಚ್ಚೂ ಮುಂದ ನೆನಸಬೇಕು."

ನೀಲವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳಿಗೆ ಎಷ್ಟು ಅರ್ಥವಾಗಿತ್ತೋ ತಿಳಿಯದು. ದನಿ ಮಾತ್ರ ಬಹಳ ಮೆತ್ತಗಿತ್ತು.

"ನನಗ ಗೊತ್ತಿಲ್ಲವ್ವ. ಅವರನ್ನ ಕೇಳ್ರಿ."

ಇಪ್ಪತ್ತು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ವ್ಯಾಪಾರಸ್ಥ ಮಾತಿಗೆ ತಡವರಿಸಬಾರದು. "ಮೊದಲನೇಕಿ ಗೌರವ್ವ," ಎಂದೆ.

"ಮುಂಜಾನೆ ಮೊದಲನೇದು ಗಂಡು ಅಂದಿದ್ರಿ," ಎಂದಳು ಕಳಕವ್ವ.

"ಹೌದು ಹೌದು. ಆತಗ ಗೌರವ್ವ ಅಂತ ಕರೀತಿದ್ವಿ. ಪ್ರೀತಿಲೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಬಸವ್ವ ನೀಲವ್ವನನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ತಂಗಿ, ನಿನ್ನ ಮದುವಿಯಾಗಿ ಎಷ್ಟು ವರ್ಷಾತು?"

"ಮೂರು ವರ್ಷ್ರಿ."

ಬಸವ್ವ ಬೆರಳು ಮಡಚತೊಡಗಿದಳು. ಐದು ತಿಂಗಳ ಗಂಡು, ಹನ್ನೊಂದು ದಿನದ ಹೆಣ್ಣು, ಮತ್ತೊಂದು ಗಂಡು, ಮೇಲೆ ಈ ಹದಿನಾಲ್ಕು ತಿಂಗಳಿನವನು. ಒಂದೊಂದಕ್ಕೂ ಒಂಬತ್ತು ತಿಂಗಳು ಹೊಟ್ಟೆಯಲ್ಲಿ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಯವನ್ನು ಹಿಡಿದಳು. ಗಜ ಗಜಕ್ಕೂ ಬಾಯಿಲೆಕ್ಕ ಮಾಡುವ ನಾನು ಬೆಳಿಗ್ಗೆ ಈ ಒಂದು ಲೆಕ್ಕ ಮಾಡಿರಲಿಲ್ಲ. ನೂಲು ಸುತ್ತುವ ಬಸವ್ವ ನಿಂತ ನಿಲುವಿನಲ್ಲಿ ಮಾಡಿದಳು.

"ಶೆಟ್ಟರ," ಎಂದಳು, "ನಿಮ್ಮ ಮಕ್ಕಳು ಭಾಳ ಅವಸರದಾವು."

ಆಮೇಲೆ ಓಣಿಯ ಹೆಂಗಸರು ನನಗೆ ಹೇಳಿದ್ದನ್ನು ಬರೆಯುವುದಿಲ್ಲ. ಬಿಡಿಬಿಡಿಯಾಗಿ ನೆನಪಿಲ್ಲವೆಂದಲ್ಲ, ಚೆನ್ನಾಗಿ ನೆನಪಿದೆ. ಕಳಕವ್ವ ಮಾತ್ರ ಬಯ್ಯಲಿಲ್ಲ. ಕೊಂಡ ಕೂಸನ್ನು ತಿಪ್ಪೆಯ ಮೇಲಲ್ಲದೆ ದಿನವಿಡೀ ಬೇರೆಲ್ಲೂ ನೆಲಕ್ಕೆ ಇಳಿಸಬಾರದು, ಕೊಂಡವಳು ಉಣ್ಣಬಾರದು. ಬೆಳಿಗ್ಗೆಯಿಂದ ಅವಳು ಕಂಕುಳು ಬದಲಿಸುತ್ತ, ಆಡಿನ ಹಾಲು ಕುಡಿಸುತ್ತ, ಉಪವಾಸ ನಿಂತಿದ್ದಳು.

"ಐದು ಕೂಸು ತಗೊಂಡೀನಿ," ಎಂದಳು. "ಕೊಡಾಕ ಬಂದೋರು ಐದು ಮಂದೀನೂ ಅಳಕೋತ ಬಂದಿದ್ರು. ನೀವು ಮುಂಡಾಸ ಸರಿ ಮಾಡಿಕೋತ ಬಂದ್ರಿ. ನಾನ ನೋಡಬೇಕಾಗಿತ್ತು."

ತಪ್ಪಾಯಿತು, ಕೂಸನ್ನು ಕೊಟ್ಟುಬಿಡವ್ವ ಎಂದು ಕೈಚಾಚಿದೆ. ಅವಳು ಕೊಡಲಿಲ್ಲ.

"ಸುಳ್ಳು ಹೇಳಿ ಮಾರಿದ್ರೂ ಮಾರಿದಂಗ. ಮಾರಿದಾತ ನೀವು. ನಿಮಗ ಹೊಳ್ಳಿ ಕೊಡೂದಿಲ್ಲ. ಆಕಿ ಮಾರಿಲ್ಲ, ಆಕಿ ಬೇಕಾದ್ರ ಕೊಳ್ಳಲಿ."

ಹಾಗೆ ಕೊಳ್ಳಲು ಬೆಳಿಗ್ಗೆ ನನಗೆ ಕೊಟ್ಟ ತೌಡೇ ಬೇಕು. ಅದು ಎಲ್ಲಿ ಎಂದು ನೀಲವ್ವ ಕೇಳಿದಳು. ಎಮ್ಮೆ ತಿಂದಿದೆ ಎಂದೆ. ಆ ದಿನ ನಾನು ಹೇಳಿದ ಮೊದಲ ಪೂರ್ತಿ ಸತ್ಯ ಅದು. ತೌಡು ತರಲು ಹೊರಟೆ. ಒಂದು ಮನೆಯವರೂ ನನಗೆ ಕೊಡಲಿಲ್ಲ. ಕೊನೆಗೆ ಬಸವ್ವ ತನ್ನ ಮನೆಯಿಂದ ಬೊಗಸೆ ತುಂಬ ತಂದು ನೀಲವ್ವನ ಸೆರಗಿಗೆ ಹಾಕಿದಳು. ನೀಲವ್ವ ಅದನ್ನು ಕಳಕವ್ವನ ಮೊರಕ್ಕೆ ಸುರಿದು, ಹಣೆ ಮುಟ್ಟಿಸಿ, "ನಿನ್ನ ಕೂಸು, ಯವ್ವಾ. ನನಗ ಕೊಡು," ಎಂದಳು. ಕಳಕವ್ವ ಕೊಟ್ಟಳು. ದೀಪ ಹಚ್ಚಿದರು. ನಾನು ಕಟ್ಟೆಯ ಕೆಳಗೆ ನಿಂತಿದ್ದೆ.

ಮನೆಯೊಳಗೆ ನೀಲವ್ವ ಬಿಸಿನೀರಿನಲ್ಲಿ ಮಗನ ಬೂದಿ ತೊಳೆದಳು. ಅವನ ಮೈ ಒರೆಸುತ್ತ ಒಂದು ಮಾತು ಹೇಳಿದಳು.

"ಹುಟ್ಟಲಾರದವರನ್ನ ಸಾಯಿಸಿ ಬಂದ್ರಲ್ಲ. ಮುಂದ ಹುಟ್ಟೋರು ಕೇಳಿಸಿಕೊಂಡಿದ್ರ?"

ಚೌಕಾಶಿ ಮಾಡಲು ಎದುರಿಗೆ ಯಾರೂ ಇರಲಿಲ್ಲ.

ಮರುದಿನ ಇಬ್ಬರು ತಾಯಂದಿರು ಸೇರಿ ಗುಡ್ಡ ಹತ್ತಿ, ದೇವರ ಮುಂದೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬರುವುದೆಂದು ತೀರ್ಮಾನವಾಯಿತು. ಆಡಿದವನು ನಾನಾದ್ದರಿಂದ ನಾನೂ ಬರುತ್ತೇನೆ ಎಂದೆ. ನೀವು ಬಂದು ಅಲ್ಲಿ ಮತ್ತೇನಾದರೂ ಆಡಿಬಿಟ್ಟೀರಿ ಎಂದು ಕಳಕವ್ವ ಒಪ್ಪಲಿಲ್ಲ. ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಈ ಸಲ ಯಾರೂ ಆರು ಬಾಗಿಲು ಸುತ್ತಲಿಲ್ಲ.

ತಿಪ್ಪಣ್ಣನೂ ನಾನೂ ಕಟ್ಟೆಯ ಮೇಲೆ ಕುಳಿತೆವು. ಎದುರು ಬಾಗಿಲಿನಿಂದ ಬಸವ್ವ ನೂಲು ಸುತ್ತುತ್ತ ಕೇಳಿದಳು:

"ಶೆಟ್ಟರ, ಕೂಸು ಐತೇನು?"

"ಐತ್ರಿ."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಸಂಜೆಯವರೆಗೆ ಹದಿನಾಲ್ಕು ಸಲ ಕೇಳಿದಳು, ನಾನು ಹದಿನಾಲ್ಕು ಸಲವೂ ಐತ್ರಿ ಎಂದೆ. ಹದಿನೈದನೆಯ ಸಲಕ್ಕೆ, ನಿಮ್ಮ ಬಾಯಿಮಾತು ಬೇಡ, ಎತ್ತಿ ತೋರಿಸಿರಿ ಎಂದಳು.

ಎತ್ತಿ ತೋರಿಸಿದೆ.