ಹದಿನಾರು ಜಿಬಿ ದೊಡ್ಡವನು

ಮಾವನ ಮನೆಗೆ ಅಳಿಯಂದಿರು ಇಬ್ಬರು: ದೊಡ್ಡಳಿಯ, ಚಿಕ್ಕಳಿಯ. ಈ ಬಿರುದುಗಳನ್ನು ಕೊಟ್ಟವರು ವಯಸ್ಸು ನೋಡಿ ಕೊಟ್ಟರೋ, ಅಳಿಯಂದಿರನ್ನು ಅಳೆದು ನೋಡಿ ಕೊಟ್ಟರೋ ಎಂಬ ಅನುಮಾನ ಚಿಕ್ಕಳಿಯನಿಗೆ ಮದುವೆಯ ದಿನದಿಂದಲೂ ಇತ್ತು. ದೊಡ್ಡಳಿಯ ಕೆಮ್ಮಿದರೆ ಆ ಕೆಮ್ಮಿನಲ್ಲೂ ಗಾಂಭೀರ್ಯ ಕಾಣುವ ಮನೆತನ ಅದು. ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ದಿನವಿಡೀ ಕಂಡಕಂಡವರ ಬೈಗುಳ ಕೇಳಿ ಪಳಗಿದ್ದ ಚಿಕ್ಕಳಿಯ ಅದನ್ನೆಲ್ಲ ನುಂಗಿಕೊಂಡಿದ್ದ. ಗಂಟಲಲ್ಲೇ ಸಿಕ್ಕಿಕೊಂಡದ್ದು ಕಂಪ್ಯೂಟರ್ ಒಂದೇ.

ಅವನ ಹೆಂಡತಿಗೆ ಮನೆಯಲ್ಲೇ ಕೂತು ಪುಸ್ತಕಗಳ ಪುಟ ಜೋಡಿಸುವ ಕೆಲಸ. ಅವರ ಮನೆಯ ಕಂಪ್ಯೂಟರ್‌ನ ಗುಂಡಿ ಒತ್ತಿ, ಬಟ್ಟೆ ಒಣಹಾಕಿ, ಮಡಚಿಟ್ಟು (ಹೌದು, ಒಣಗಿದ ಮೇಲೆಯೇ) ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಾಗಾಗಿ ಸಂಜೆಯಾದರೆ ಅವಳು ಎದುರು ಬೀದಿಯ ಅಕ್ಕನ ಮನೆಗೆ ಕೆಲಸ ಹೊತ್ತುಕೊಂಡು ಹೋಗುತ್ತಿದ್ದಳು. ಚಿಕ್ಕಳಿಯ ಬಂದು ಬೀಗ ತೆಗೆದರೆ ಮಾತಾಡಿಸಲು ಗೋಡೆ ಗಡಿಯಾರ ಬಿಟ್ಟು ಇನ್ನಾರೂ ಇರುತ್ತಿರಲಿಲ್ಲ. ಅವಳು ಮರಳಿ ಬರುವಾಗ ಬಾಯ್ತುಂಬ ಭಾವ.

"ಭಾವನ ಕಂಪ್ಯೂಟರ್ ಕುರ್ಚಿ ಎಳ್ಕೊಳ್ಳೋದ್ರೊಳಗೆ ತೆರ್ಕೊಳ್ಳುತ್ತೆ ರೀ. ಎಸ್ಎಸ್‌ಡಿ ಅಂತ ಹೊಸ ಥರದ ಡಿಸ್ಕ್ ಹಾಕ್ಸಿದಾರೆ. ಇನ್ನೂರ ನಲವತ್ತು ಜಿಬಿ!"

"ಅಷ್ಟೇನಾ?" ಎಂದ ಚಿಕ್ಕಳಿಯ, ಜಿಬಿ ಎಂದರೆ ಲೀಟರೋ ಕಿಲೋನೋ ತಿಳಿಯದೆ.

ಮರುದಿನವೇ ರಜೆ ಹಾಕಿ, ಕಂಪ್ಯೂಟರ್ ಪೆಟ್ಟಿಗೆಯನ್ನು ಕೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದ. ಎಸ್ಎಸ್‌ಡಿ ಬೇಕೆಂದಾಗ ಕಂಪ್ಯೂಟರ್ ಅಂಗಡಿಯಾಕೆ ಕೇಳಿದಳು, "ಏನು ಕೆಲಸಕ್ಕೆ ಸರ್?"

ಷಡ್ಡಕನ ಸೊಕ್ಕು ಇಳಿಸೋಕೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. "ಪುಟ ಜೋಡಿಸೋಕೆ. ಬೆಲೆ ಮಾತ್ರ ಕೈಗೆಟುಕೋ ಹಾಗಿರ್ಲಿ."

"ನೂರ ಇಪ್ಪತ್ತು ಜಿಬಿ ಬೇಡ, ಬೇಗ ತುಂಬಿಹೋಗುತ್ತೆ. ಇನ್ನೂರ ನಲವತ್ತು ತಗೊಳ್ಳಿ."

"ಅದಕ್ಕಿಂತ ಸ್ವಲ್ಪ ಮೇಲೆ... ಒಂದೇ ಒಂದು ಜಿಬಿ ಜಾಸ್ತಿ ಇರೋದು?"

ಅವಳು ಅವನನ್ನೊಮ್ಮೆ ನೋಡಿದಳು. "ಇನ್ನೂರ ಐವತ್ತಾರು ಇದೆ. ಆದ್ರೆ ಇದ್ರಲ್ಲಿ ಕ್ಯಾಶ್ ಇಲ್ಲ."

"ಪರವಾಗಿಲ್ಲ, ಕ್ಯಾಶ್ ನನ್ ಹತ್ರ ಇದೆ."

"ಅದಲ್ಲ ಸರ್! ಕ್ಯಾಶ್ ಅಂದ್ರೆ ಅದರೊಳಗಿರೋ ಚಿಕ್ಕ ಮೆಮೊರಿ. ಅದಿಲ್ಲ ಅಂತಾನೇ ಅಗ್ಗ. ದೊಡ್ಡ ದೊಡ್ಡ ಫೈಲ್ ಒಟ್ಟಿಗೆ ಸುರಿದ್ರೆ ಸ್ವಲ್ಪ ಏದುಸಿರು ಬಿಡುತ್ತೆ. ಮನೆ ಕೆಲಸಕ್ಕೆ ಧಾರಾಳ ಸಾಕು."

ಷಡ್ಡಕನದರಲ್ಲಿ ಕ್ಯಾಶ್ ಇದೆಯೇ ಎಂಬ ಚಿಂತೆ ಅವನನ್ನು ಅರೆಕ್ಷಣ ಕೊರೆಯಿತು. (ಆ ಮಹಾನುಭಾವನ ಬಳಿ ಎರಡೂ ಬಗೆಯ ಕ್ಯಾಶ್ ಇದ್ದರೂ ಇರಬಹುದು.) ಆದರೆ ಹದಿನಾರು ಜಿಬಿ ಹೆಚ್ಚು ಎಂಬುದು ಹದಿನಾರು ಜಿಬಿ ಹೆಚ್ಚೇ. ಅಂಗಡಿಯಾಕೆ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಇಳಿಸಿ, ಜೋಡಿಸಿಕೊಟ್ಟಳು.

ಮನೆಯಲ್ಲಿ ಹೆಂಡತಿ ಗುಂಡಿ ಒತ್ತಿ, ಅಭ್ಯಾಸಬಲದಿಂದ ಬಟ್ಟೆಯ ಬುಟ್ಟಿಗೆ ಕೈ ಹಾಕಿ, ತಿರುಗಿ ನೋಡಿ ಕಿರುಚಿದಳು. "ಅಯ್ಯೋ! ರೀ, ಭಾವನದಕ್ಕಿಂತ ಜೋರು ಕಣ್ರೀ!"

ಈ ಒಂದು ವಾಕ್ಯಕ್ಕಾಗಿ ಕಾದಿದ್ದ ಚಿಕ್ಕಳಿಯನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. "ಹದಿನಾರು ಜಿಬಿ ಜಾಸ್ತಿ ಇದೆ, ಬಿಡು," ಎಂದು ತೀರಾ ಉದಾಸೀನದಿಂದ ಹೇಳಿದ. ಅಷ್ಟರಲ್ಲಿ ಅವಳು ಫೋನಿನಲ್ಲಿ, "ಅಕ್ಕಾ, ಇಲ್ ಕೇಳು..." ಎಂದು ಶುರುಮಾಡಿಯಾಗಿತ್ತು.

ಮರುದಿನ ಸಂಜೆ ಬಾಗಿಲಿಗೆ ಬೀಗವಿರಲಿಲ್ಲ. ಹೆಂಡತಿ ಮನೆಯಲ್ಲಿದ್ದಳು. ಅಕ್ಕನೂ ಇದ್ದಳು. ಚಿಕ್ಕಳಿಯನ ಕುರ್ಚಿಯಲ್ಲಿ, ಚಿಕ್ಕಳಿಯನ ಕಂಪ್ಯೂಟರ್ ಮುಂದೆ, ದೊಡ್ಡಳಿಯನೂ ವಿರಾಜಮಾನನಾಗಿದ್ದ.

"ಬಾರಪ್ಪಾ ಬಾ, ಕೂತ್ಕೋ," ಎಂದು ಅವನನ್ನು ಅವನದೇ ಮನೆಗೆ ಬರಮಾಡಿಕೊಂಡ. "ನನ್ ಫೋಟೋಗಳನ್ನ ಜೋಡಿಸ್ತಿದೀನಿ. ನಿನ್ನ ಯಂತ್ರ ಚೆನ್ನಾಗಿದೆ ಕಣೋ."

"ನನ್ ಕೆಲಸ ಮಧ್ಯಾಹ್ನವೇ ಮುಗಿದೋಯ್ತು ರೀ, ಅಷ್ಟು ಜೋರು!" ಎಂದಳು ಹೆಂಡತಿ. "ಹಂಗೇ ಎಲ್ರಿಗೂ ಒಂದೊಂದು ಕಾಫಿ ಮಾಡ್ಬಿಡಿ, ನಾವು ಮಾತಲ್ಲಿದೀವಿ."

ಅಂದಿನಿಂದ ಪ್ರತಿ ಸಂಜೆಯೂ ಅದೇ ದರ್ಬಾರು. ಕೊನೆಗೊಂದು ದಿನ, ಆಫೀಸಿನಿಂದ ಕಂತೆಗಟ್ಟಲೆ ದೂರು ಹೊತ್ತು ತಂದ ಚಿಕ್ಕಳಿಯ ಗೋಗರೆದ. "ನಾನೆಲ್ಲಿ ಕೂತು ಟೈಪ್ ಮಾಡ್ಲಿ?"

"ಅಯ್ಯೋ, ನಮ್ಮನೇಲಿ ಖಾಲಿ ಬಿದ್ದಿದೆಯಲ್ಲಾ!" ಎಂದು ಅಕ್ಕ ಬೀಗದ ಕೈ ಕೊಟ್ಟಳು.

ಷಡ್ಡಕನ ಖಾಲಿ ಮನೆಯಲ್ಲಿ, ಷಡ್ಡಕನ ಮೆತ್ತನೆಯ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದ. ಕಂಪ್ಯೂಟರ್ ಫಳಕ್ಕನೆ ತೆರೆದುಕೊಂಡಿತು. ಒಳಗೆ ನೋಡಿದರೆ ಮುಕ್ಕಾಲು ಪಾಲು ಜಾಗ ಖಾಲಿ. ರೋಷದಿಂದ ಹೆಂಡತಿಗೆ ಫೋನ್ ಹಚ್ಚಿದ.

"ಇಲ್ಲೇನೂ ತೊಂದ್ರೆನೇ ಇಲ್ಲ ಕಣೇ! ಮತ್ಯಾಕೆ ನಿಮ್ ಭಾವ ದಿನಾ ನಮ್ಮನೇಗೇ ಬಂದು ಕೂರ್ತಾರೆ? ಹದಿನಾರು ಜಿಬಿ ನೋಡಿ ಹೊಟ್ಟೆ ಉರೀತಾ?"

ಅವಳು ಅದನ್ನು ಅಲ್ಲಿಯೇ ಭಾವನನ್ನೇ ಕೇಳಿಬಿಟ್ಟಳು. ಫೋನಿನ ಆಚೆಯಿಂದ ಆ ಗಂಭೀರ ಕೆಮ್ಮು, ಹಿಂದೆಯೇ ಧ್ವನಿ.

"ಯಾವ ಜಿಬಿನೋ ಏನೋ, ನಂಗೇನಮ್ಮಾ ಗೊತ್ತು? ನಿಮ್ಮನೇಲಿ ಕಾಫಿ ಚೆನ್ನಾಗಿರುತ್ತೆ, ಅದಕ್ಕೆ ಬರ್ತೀನಿ."

"ಅದನ್ನ ಮಾಡೋರು ಇವ್ರೇ ಭಾವ."

"ಹೌದಾ? ಹಾಗಾದ್ರೆ ಬೇಗ ಬರೋಕೆ ಹೇಳು!"