ಕಲ್ತೂಬಿನಕೊಪ್ಪಲಿಗೆ ಹೊಸ ಟ್ಯಾಬು

ಶಿವರಾಮು ತೂಬಿನ ಬಾಯಿಗೆ ಸಿಕ್ಕಿಕೊಂಡಿದ್ದ ಜೊಂಡನ್ನು ಕೋಲಿನಿಂದ ಎಳೆದೆಳೆದು ದಡಕ್ಕೆ ಹಾಕುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಂಡಿವರೆಗೆ ನೀರು, ಕಂಕುಳಲ್ಲಿ ಟ್ಯಾಬು, ಕೈಯಲ್ಲಿ ಕೋಲು. ದೇವರು ಮೂರನೇ ಕೈ ಕೊಟ್ಟಿರಲಿಲ್ಲವಾದ್ದರಿಂದ ಕೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಫೋನು ತೆಗೆದ.

"ಹ್ಞೂ..."

"ಶಿವರಾಮು ಅವರಾ? ನಾನು ಅರುಂಧತಿ, ಮಳವಳ್ಳಿ ನೀರು ಬಳಕೆದಾರರ ಸಂಘದ ಕಚೇರಿಯಿಂದ. ನಿಮ್ಮ ಕಾಗದ ಇನ್ನೂ ಬಂದಿಲ್ಲ."

ಕೋಲು ನೀರಿಗೆ ಬಿತ್ತು. "ಬತ್ತದೆ ಮೇಡಂ. ನಾಳಿಕ್ಕೆ..."

"ಎಂಟು ತಿಂಗಳಿಂದ ನಾಳೆ ಅಂತಲೇ ಹೇಳ್ತಿದ್ದೀರಿ. ಹಳೇ ಟ್ಯಾಬೇ ಸಾಕೋ, ಹೊಸದು ಬೇಕೋ, ಒಂದು ಹಾಳೇಲಿ ಬರೆದು ಸಹಿ ಹಾಕಿ ಕಳಿಸಿ ಅಂದಿದ್ದು ನಾವು. ಮಹಾಕಾವ್ಯ ಕೇಳಿಲ್ಲ. ಇವತ್ತು ಸಂಜೆಯೊಳಗೆ ಕಾಗದ ಕೈ ಸೇರದಿದ್ರೆ ನಿಮ್ಮ ಪಾಲಿನದು ಬೇರೆ ಊರಿಗೆ ಹೋಗುತ್ತೆ."

ಶಿವರಾಮು ಕಲ್ತೂಬಿನಕೊಪ್ಪಲಿನ ನೀರುಗಂಟಿ. ನಾಲೆಯ ತೂಬು ತೆಗೆದು, ಮುಚ್ಚಿ, ಊರಿನ ನಲವತ್ತೊಂದು ಗದ್ದೆಗೂ ಸರದಿ ಪ್ರಕಾರ ನೀರು ಬಿಡುವುದು ಅವನ ಕೆಲಸ. ಯಾರ ಸರದಿ ಯಾವಾಗ, ಎಷ್ಟು ಹೊತ್ತು ಎಂಬ ಪಟ್ಟಿ ಇರುವುದು ನಾಲ್ಕು ವರ್ಷದ ಹಿಂದೆ ಸಂಘದವರು ಕೊಟ್ಟ ಈ ಟ್ಯಾಬಿನಲ್ಲಿ. ಅದರ ಗಾಜಿನ ಮೇಲಿನ ಬಿರುಕುಗಳನ್ನು ನೋಡಿದರೆ ಮಂಡ್ಯ ಜಿಲ್ಲೆಯ ನಾಲೆಗಳ ನಕ್ಷೆ ಎಂದು ಯಾರಾದರೂ ನಂಬಬಹುದಿತ್ತು. ಒಬ್ಬರ ಹೆಸರು ಒತ್ತಿದರೆ ಇನ್ನೊಬ್ಬರ ಹೆಸರು ತೆರೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಒಲೆಯ ಮೇಲಿಂದ ಇಳಿಸಿದ ರೊಟ್ಟಿಹೆಂಚಿನ ಹಾಗೆ ಕಾಯುತ್ತಿತ್ತು.

ಹಾಗಿದ್ದ ಮೇಲೆ ಹೊಸದು ಬೇಕು ಎಂದು ಬರೆಯಲು ಏನು ಕಷ್ಟ? ಕಷ್ಟ ಇದ್ದದ್ದು ಶಿವರಾಮುವಿನ ಸ್ವಭಾವದಲ್ಲಿ. ಸಂಘದವರು ಮೊದಲು ಕೇಳಿದಾಗ, ಮೂರು ತಿಂಗಳಲ್ಲಿ ಇದಕ್ಕಿಂತ ಒಳ್ಳೆಯದು ಬರುತ್ತದಂತೆ ಎಂದು ಕಾದ. ಅದು ಬಂದಾಗ, ಅದರ ಮುಂದಿನದಕ್ಕೆ ಬ್ಯಾಟರಿ ದೊಡ್ಡದಂತೆ ಎಂದು ಮತ್ತೆ ಕಾದ. ಈಗ ಹೋದ ವಾರವಷ್ಟೇ ಬಿಡುಗಡೆಯಾಗಿರುವ ಟ್ಯಾಬಿನ ವಿಡಿಯೋವನ್ನು ಹನ್ನೊಂದು ಸಲ ನೋಡಿದ್ದ. ಏನು ಅದರ ಚೆಂದ! ಮಟಮಟ ಬಿಸಿಲಲ್ಲೂ ಅಕ್ಷರ ಕಾಣುತ್ತದೆ. ಒಂದು ಸಲ ಚಾರ್ಜು ಹಾಕಿದರೆ ಎರಡು ದಿನ ಬಾಳುತ್ತದೆ. ಮೇಲೆ ಒಂದು ಕೊಡ ನೀರು ಸುರಿದರೂ ಎಮ್ಮೆಯ ಹಾಗೆ ನಿರಾತಂಕ. ಅದನ್ನು ಮಾಡಿದವರ ಕೈಗೆ ಮನಸ್ಸಿನಲ್ಲೇ ಕೈಮುಗಿದಿದ್ದ. ಆದರೂ ಒಳಗೊಂದು ಹುಳ: ಇದರ ತಮ್ಮ ಇನ್ನೂ ಚೆನ್ನಾಗಿ ಹುಟ್ಟಿಬಿಟ್ಟರೆ?

ಒದ್ದೆ ಪಂಚೆ ಹಿಂಡಿಕೊಂಡು ಅವನು ಸೇತುವೆ ಪಕ್ಕದ ಟೀ ಅಂಗಡಿಗೆ ಬಂದ. ಅಲ್ಲೇ ಬಸ್ಸು ನಿಲ್ಲುವುದು. ಹನ್ನೆರಡೂವರೆಗೆ ಮಳವಳ್ಳಿಗೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಕಾಗದ ಒಂದೂವರೆಯ ಹೊತ್ತಿಗೆ ಕಚೇರಿಯಲ್ಲಿರುತ್ತದೆ. ಅದು ತಪ್ಪಿದರೆ ಮುಂದಿನ ಬಸ್ಸು ಕತ್ತಲಾದ ಮೇಲೆ.

ಬೆಂಚಿನ ಮೇಲೆ ಹೊನ್ನಯ್ಯನೂ ಪುಟ್ಟಮಾದಯ್ಯನೂ ಕೂತಿದ್ದರು. ಇಬ್ಬರ ಗದ್ದೆಗೂ ನಡುವೆ ಒಂದೇ ಗದ್ದೆ, ಇಬ್ಬರ ಅಭಿಪ್ರಾಯಕ್ಕೂ ನಡುವೆ ಇಡೀ ತಾಲ್ಲೂಕು. ಶಿವರಾಮು ವಿಷಯ ಹೇಳಿದ್ದೇ ತಡ, ಹೊನ್ನಯ್ಯ ಟೀ ಲೋಟ ಕೆಳಗಿಟ್ಟ.

"ಅಳೇದ್ನ ಬುಡಬ್ಯಾಡ ಕಣ್ಲಾ ಸಿವರಾಮು. ಅದು ಬಂದ ಮ್ಯಾಲೆ ತೂಬಿನ ತಾವ ಒಂದು ಜಗಳ ಆಯ್ತಾ? ಮೊದ್ಲು ಗುದ್ದಲಿ ಎತ್ಕೊಂಡು ಒಡೆದಾಡ್ತಿದ್ದೋ. ಅದ್ರೊಳಗೆ ಏನೋ ಸತ್ಯ ಅದೆ. ಆಯುಧಪೂಜೆ ದಿನ ನಾನೇ ಅದುಕ್ಕೆ ಕುಂಕುಮ ಇಕ್ಕಿವ್ನಿ."

"ನೀನು ಕುಂಕುಮ ಇಕ್ಕೇ ಅದುಕ್ಕೆ ಕಣ್ಣು ಕಾಣಾಕಿಲ್ಲ," ಎಂದ ಪುಟ್ಟಮಾದಯ್ಯ. "ಒಸಾದು ತಗೊಳ್ಲಾ. ನೀರು ಬಿದ್ರೂ ಏನೂ ಆಗಾಕಿಲ್ವಂತೆ."

"ಅಳೇದುಕ್ಕೂ ಏನೂ ಆಗಾಕಿಲ್ಲ!"

"ಆಯ್ತದೆ."

"ಆಗಾಕಿಲ್ಲ ಅಂದ್ನಲ್ಲ. ಕೊಡ್ಲಾ ಇಲ್ಲಿ, ತೋರುಸ್ತೀನಿ!"

ಶಿವರಾಮು ಬಾಯಿ ತೆರೆಯುವಷ್ಟರಲ್ಲಿ ಹೊನ್ನಯ್ಯ ಟ್ಯಾಬು ಕಿತ್ತುಕೊಂಡು, ಸೇತುವೆಯ ಕಟ್ಟೆಯ ಮೇಲಿಟ್ಟು, ಚೊಂಬಿನಿಂದ ನೀರು ಚಿಮುಕಿಸಿದ, ತೀರ್ಥ ಹಾಕುವವನ ಹಾಗೆ. ಟ್ಯಾಬು ಒಮ್ಮೆ ಮಿಣುಕಿತು. "ನೋಡ್ದಾ!" ಎಂದ. ಪುಟ್ಟಮಾದಯ್ಯ "ಸತ್ತೋಯ್ತದೆ, ತತ್ತಾ ಇಲ್ಲಿ" ಎಂದು ಎಳೆದ. ಹೊನ್ನಯ್ಯ ಬಿಡಲಿಲ್ಲ. ಶಿವರಾಮು ಇಬ್ಬರ ಮಧ್ಯೆ ಕೈ ಹಾಕಿದ. ಆರು ಕೈಗಳ ನಡುವಿನಿಂದ ಟ್ಯಾಬು ಒದ್ದೆ ಸೋಪಿನ ಹಾಗೆ ಜಾರಿ, ಗಾಳಿಯಲ್ಲಿ ಒಂದು ಸುತ್ತು ಹೊಡೆದು, ನಾಲೆಗೆ ಬಿತ್ತು. ಅದರ ಹಿಂದೆಯೇ ಶಿವರಾಮುವೂ ಬಿದ್ದ. ಹಾರಿದ್ದೋ ಜಾರಿದ್ದೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ನೀರು ಅವನನ್ನು ಐವತ್ತು ಮಾರು ಕೆಳಗೆ, ಎಮ್ಮೆ ತೊಳೆಯುವ ಸೋಪಾನದ ಮೆಟ್ಟಿಲವರೆಗೆ ಕರೆದೊಯ್ದಿತು. ಅಲ್ಲಿ ಚಿಕ್ಕಬೋರಮ್ಮ ತನ್ನ ಎಮ್ಮೆಯ ಬೆನ್ನು ಉಜ್ಜುತ್ತಾ ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಒಣಗಿದ ಹುಣಸೆ ಕೊಂಬೆಯಂಥ ಮೈ. ಊರಿನ ಕಾಲುವೆಯ ಕಟ್ಟಕಡೆಯ ಗದ್ದೆ ಅವಳದು. ಒಂದು ಕೈಯಲ್ಲಿ ಟ್ಯಾಬನ್ನು ಮೀನಿನ ಹಾಗೆ ಮೂಲೆ ಹಿಡಿದು ಎತ್ತಿದಳು, ಇನ್ನೊಂದು ಕೈಯಲ್ಲಿ ಶಿವರಾಮುವಿನ ಕಾಲರು ಹಿಡಿದು ಎಳೆದಳು.

"ಯಾಕಪ್ಪ, ಬೆಳಿಗ್ಗೆ ಮನೇಲಿ ಸ್ನಾನ ಆಗ್ಲಿಲ್ವಾ?"

"ಬೋರತ್ತೆ, ಟ್ಯಾಬು..."

ಟ್ಯಾಬಿನ ಅಂಚಿನಿಂದ ನೀರು ಸಣ್ಣಗೆ ಸೋರಿತು. ಎಲ್ಲೆಲ್ಲಿ ಒತ್ತಿದರೂ ಉಸಿರಿಲ್ಲ.

ಅಷ್ಟರಲ್ಲಿ ದಡದ ಮೇಲೆ ಓಡಿ ಬಂದ ಇಬ್ಬರಿಗೂ ಒಂದೇ ಸಲ ಹೊಳೆಯಿತು: ಪಟ್ಟಿ ಹೋಯಿತು. ಈ ವಾರದ ಸರದಿ ಬೇರೆಲ್ಲೂ ಬರೆದಿಲ್ಲ.

"ಮಧ್ಯಾನ್ನದ ನೀರು ನಂದು," ಎಂದ ಹೊನ್ನಯ್ಯ.

"ನಿಂದಾ? ನಿಂದು ಬೆಳಿಗ್ಗೇನೇ ಮುಗೀತು. ನನ್ನ ಒಟ್ಲು ಪೈರು ಒಣಗ್ತಾ ಕೂತದೆ!"

"ಟ್ಯಾಬು ನಂದೂಂತ ಏಳ್ತಿತ್ತು!"

"ಅದುನ್ನ ಸಾಯ್ಸಿದ್ದೇ ಅದುಕ್ಕಾ ನೀನು?"

ನಾಲ್ಕು ವರ್ಷ ಮೂಲೆ ಸೇರಿದ್ದ ಗುದ್ದಲಿಗಳು ನಾಲ್ಕೇ ನಿಮಿಷದಲ್ಲಿ ನೆನಪಾದವು. ಶಿವರಾಮುವಿಗೆ ಒದ್ದೆ ಬಟ್ಟೆಯಲ್ಲೂ ಬೆವರು ಬಂತು. ಕಾಗದ ಹೋಗದಿದ್ದರೆ ಹೊಸ ಟ್ಯಾಬು ಇಲ್ಲ. ಹೊಸ ಟ್ಯಾಬು ಬಂದರೂ ಅದರೊಳಗೆ ಹಾಕಲು ಪಟ್ಟಿಯಿಲ್ಲ. ಪಟ್ಟಿಯಿಲ್ಲದ ನೀರುಗಂಟಿಯನ್ನು ಊರು ಯಾಕೆ ಇಟ್ಟುಕೊಳ್ಳುತ್ತದೆ?

ಚಿಕ್ಕಬೋರಮ್ಮ ಎಮ್ಮೆಯ ಬೆನ್ನಿನಿಂದ ಕೈ ತೆಗೆಯದೆಯೇ ಹೇಳಿದಳು: "ಸುಮ್ಕಿರ್ಲಾ ಇಬ್ರೂವೆ. ಇವತ್ತು ಬುಧವಾರ. ಡೈರಿ ಬಾಗ್ಲು ತೆಗೆದಾಗಿಂದ ಕೊಪ್ಪದ ಬಸ್ಸು ಬರೋಗಂಟ ಒನ್ನಯ್ಯಂದು, ಅದು ಆಗೋಯ್ತು. ಅಲ್ಲಿಂದ ಸ್ಕೂಲಲ್ಲಿ ಊಟದ ಬೆಲ್ಲು ಒಡೆಯೋಗಂಟ ಇಂದ್ರಮ್ಮಂದು. ಬೆಲ್ಲು ಒಡೆದ ಮ್ಯಾಕೆ ಪುಟ್ಟಮಾದಯ್ಯಂದು. ಓದ ವಾರ ಕಾಲುವೆ ಕಿತ್ತೋದಾಗ ಅವುನ್ಗೆ ಅರ್ಧ ಗಂಟೆ ಕಮ್ಮಿ ಆಯ್ತು, ಅದ್ನೂ ಸೇರ್ಸಿ ಬುಡು. ಆಮೇಲೆ ಮರಿಸಿದ್ದಯ್ಯಂದು..."

ಹೀಗೆ ಹೇಳುತ್ತಾ ಹೋದಳು. ಬುಧವಾರ ಮುಗಿಯಿತು, ಗುರುವಾರ ಬಂತು, ಶುಕ್ರವಾರ ಹೋಯಿತು. ನಲವತ್ತೊಂದು ಗದ್ದೆ. ಯಾರ ಗದ್ದೆಯ ಬದು ಸೋರುತ್ತದೆ, ಯಾರದು ಎತ್ತರದಲ್ಲಿರುವುದರಿಂದ ಕಾಲು ಗಂಟೆ ಹೆಚ್ಚು ಬೇಕು, ಒಂದೂ ತಪ್ಪಲಿಲ್ಲ. ಗಡಿಯಾರದ ಗೊಡವೆಯೇ ಇಲ್ಲ. ಬಸ್ಸು, ಬೆಲ್ಲು, ಡೈರಿಗಳಲ್ಲೇ ಇಡೀ ವಾರವನ್ನು ಹೊಲಿದಿಟ್ಟಿದ್ದಳು. ದಡದ ಮೇಲಿದ್ದವರ ಬಾಯಿ ತೂಬಿನ ಹಾಗೆ ತೆರೆದುಕೊಂಡಿತು. ಎಮ್ಮೆ ಮಾತ್ರ ಇದನ್ನೆಲ್ಲ ಮೊದಲೇ ಕೇಳಿದ್ದ ಹಾಗೆ ಮೆಲುಕು ಹಾಕುತ್ತಿತ್ತು.

"ನಿಂಗೆಂಗೆ ಗೊತ್ತು ಬೋರತ್ತೆ ಇಷ್ಟೊಂದು?" ಎಂದ ಶಿವರಾಮು.

"ನಂದು ಕೊನೆಗದ್ದೆ ಕಣಪ್ಪ. ಮ್ಯಾಲಿನ ನಲವತ್ತು ಜನದಲ್ಲಿ ಒಬ್ಬ ಅರ್ಧ ಗಂಟೆ ಜಾಸ್ತಿ ಬುಟ್ಕೊಂಡ್ರೂ ನನ್ನ ಪೈರಿಗೆ ನೀರು ಬರಾಕಿಲ್ಲ. ನಿಮ್ಗೆ ನಿಮ್ಮ ಸರದಿ ಗೊತ್ತಿದ್ರೆ ಸಾಕು. ನಂಗೆ ಎಲ್ಲಾರ್ದೂ ಗೊತ್ತಿರ್ಬೇಕು."

"ಮತ್ತೆ ಟ್ಯಾಬಲ್ಲಿ ಯಾವಾಗ್ಲಾದ್ರೂ ತಪ್ಪಾಗಿದ್ರೆ..."

"ಯಾವಾಗ್ಲಾದ್ರೂ ಏನು, ದಿನಾ ತಪ್ಪೇಯಾ. ನೀನು ನೀರು ತಿರುಗ್ಸಿ ಅತ್ಲಾಗೆ ಓಗ್ತಿದ್ದಂಗೆ ನಾನು ಬಂದು ಸರಿ ಮಾಡ್ತಿದ್ದೆ. ಏಳಿದ್ರೆ ನೀನು ಬ್ಯಾಸ್ರ ಮಾಡ್ಕೊಂಡೀಯ ಅಂತ ಸುಮ್ಕಿದ್ದೆ."

ತೂಬಿನ ಬಳಿ ಜಗಳವಿಲ್ಲದ ಊರು ಎಂದು ಸಂಘದವರು ಹೋದ ವರ್ಷ ಶಿವರಾಮುವಿಗೆ ಶಾಲು ಹೊದಿಸಿದ್ದರು. ಹೊನ್ನಯ್ಯ ಕುಂಕುಮ ಇಟ್ಟದ್ದು ಯಾರಿಗೆ, ಇಡಬೇಕಾಗಿದ್ದದ್ದು ಯಾರಿಗೆ! ಮಳೆ ಬಿಸಿಲೆನ್ನದೆ ಬದುವಿನ ಮೇಲೆ ನಡೆದು, ಒಬ್ಬರಿಗೂ ಹೇಳದೆ, ಊರಿನ ಶಾಂತಿಯನ್ನು ಈ ಹೆಂಗಸು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು. ಹೊನ್ನಯ್ಯ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಅಮ್ಮಯ್ಯ, ನೀನು ಏಳ್ದಂಗೇ ಆಗ್ಲಿ," ಎಂದ.

"ನೀರಿನ ಸರದಿ ಅಂಗೇ ಆಗ್ಲಿ. ಅದ್ಸರಿ, ನಂಗೂ ವಯಸ್ಸಾಯ್ತು. ಇದುನ್ನೆಲ್ಲಾ ಎಲ್ಲಾದ್ರೂ ಇಳ್ಸಿ ಇಕ್ಬೇಕಲ್ಲ. ಅದೇನೋ ಒಸಾದು ಅಂತೀರಲ್ಲ, ಅದ್ರಾಗೆ ಮಾತಾಡಿದ್ರೆ ಬರ್ಕೊತದಾ?"

"ಬರ್ಕೊತದೆ ಬೋರತ್ತೆ! ಕನ್ನಡದಲ್ಲೇ ಬರ್ಕೊತದೆ!" ಶಿವರಾಮುವಿನ ಮುಖ ಅರಳಿತು. "ವಿಡಿಯೋದಲ್ಲಿ ನೋಡಿವ್ನಿ."

"ಅಂಗಾದ್ರೆ ಒಳ್ಳೆ ಯಂತ್ರ ಕಣ. ತರ್ಸು."

ಎಂಟು ತಿಂಗಳ ಅನುಮಾನ ಆ ಒಂದು ಮಾತಿಗೆ ಹಾರಿಹೋಯಿತು. ಎಲ್ಲರೂ ಟೀ ಅಂಗಡಿಗೆ ಓಡಿದರು. ಶಿವರಾಮು ಮುಟ್ಟಿದ ಹಾಳೆಯೆಲ್ಲ ಒದ್ದೆಯಾಗುತ್ತಿತ್ತು. ಊರಿನಲ್ಲಿ ಮುದ್ದಾದ ಅಕ್ಷರವೆಂದರೆ ಪುಟ್ಟಮಾದಯ್ಯನದು. ಅವನು ಹಾಳೆ ಹಿಡಿದು ಕೂತ. ಹೊನ್ನಯ್ಯ ಅವನ ಕಿವಿಯಲ್ಲಿ ಏನೋ ಹೇಳಿದ. ಹುಟ್ಟಿದ ಮೇಲೆ ಮೊದಲ ಸಲ ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದರು. ಶಿವರಾಮು ಅಂಗಿ ಹಿಂಡುತ್ತಿದ್ದವನು ಅದನ್ನು ಗಮನಿಸಲಿಲ್ಲ.

"ಒಸಾದೇ ಬೇಕು ಅಂತ ಬರಿಯಣ್ಣ."

"ಅದ್ನೇ ಬರೀತಾವ್ನಿ, ಸುಮ್ಕಿರು."

ತಿರುವಿನಲ್ಲಿ ಹಾರನ್ ಕೇಳಿಸಿತು. "ಸಹಿ ಆಕ್ಲಾ, ಬಸ್ಸು ಬಂತು!" ಶಿವರಾಮು ಓದಲಿಲ್ಲ, ನೋಡಲಿಲ್ಲ, ತೋರಿಸಿದ ಜಾಗದಲ್ಲಿ ಸಹಿ ಗೀಚಿ, ಓಡಿ, ಕಂಡಕ್ಟರ್ ಕೈಗೆ ಕಾಗದ ತುರುಕಿದ. "ಮಳವಳ್ಳಿ ಸಂಘದ ಆಫೀಸು, ಅರುಂಧತಿ ಮೇಡಂಗೆ!"

ಕಂಡಕ್ಟರ್ ಅಂಬರೀಶ್ ತನ್ನ ಕೈಗೆ ಬಂದ ಕಾಗದವನ್ನು ಓದದೆ ಯಾರಿಗೂ ತಲುಪಿಸಿದವನಲ್ಲ. ಮೆಟ್ಟಿಲ ಮೇಲೆ ನಿಂತೇ ಬಿಡಿಸಿ, ಬಸ್ಸಿಗೆಲ್ಲ ಕೇಳುವಂತೆ ಓದಿದ:

"ಮಾನ್ಯರೇ, ನಮ್ಮ ತೂಬಿಗೆ ಹೊಸ ಟ್ಯಾಬು ಬೇಕು. ಅದನ್ನು ಶ್ರೀಮತಿ ಚಿಕ್ಕಬೋರಮ್ಮನವರ ಕೈಗೇ ಕೊಡುವುದು, ಯಾವ ಕಾರಣಕ್ಕೂ ನನ್ನ ಕೈಗೆ ಕೊಡಬಾರದು. ನಲವತ್ತೊಂದು ಗದ್ದೆಯ ಸರದಿಯನ್ನು ನಾನು ಬಾಯಿಪಾಠ ಮಾಡಿ, ದಿನಾ ಬೆಳಿಗ್ಗೆ ಅವರ ಎದುರು ನಿಂತು ಒಪ್ಪಿಸಿ, ಅವರು ಸರಿ ಎಂದ ಮೇಲೆಯೇ ತೂಬು ಮುಟ್ಟುತ್ತೇನೆ. ಇಂತಿ, ಶಿವರಾಮು, ನೀರುಗಂಟಿ."

"ಲೇ, ತಡೀರ್ಲಾ! ಕೊಡ್ಲಾ ಇಲ್ಲಿ!" ಶಿವರಾಮು ಮೆಟ್ಟಿಲ ಕಡೆಗೆ ಕೈ ಚಾಚಿದ.

ಅಂಬರೀಶ್ ಕಾಗದವನ್ನು ಮಡಿಸಿ ಟಿಕೆಟ್ ಚೀಲದೊಳಕ್ಕಿಟ್ಟು, ಸೀಟಿ ಊದಿ, "ರೈಟ್!" ಎಂದ. ಬಸ್ಸು ಮಳವಳ್ಳಿಯ ಕಡೆಗೆ ಹೊರಟಿತು.